ಹೊಸ ಫಿಶ್ ಟ್ಯಾಂಕ್ ತಂದ್ರಾ? ಮೀನು ಬಿಡೋಕೆ ಮುಂಚೆ ಫಿಲ್ಟರ್‌ಗೆ ‘ಹೆಪ್ಪು’ ಹಾಕಿ

ಟ್ಯಾಂಕ್ ತಂದ ದಿನವೇ ನೀರು ತುಂಬಿ, ಅದೇ ಸಂಜೆ ಮೀನು ಬಿಡೋದು ನಮ್ಮ ಕಡೆ ರೂಢಿ. ಎರಡು ಮೂರು ದಿನ ಎಲ್ಲ ಚೆನ್ನಾಗಿರುತ್ತೆ. ಆಮೇಲೆ ನೀರು ಮಬ್ಬಾಗುತ್ತೆ. ಮೀನು ಮೇಲೆ ಬಂದು ಬಾಯಿ ತೆರೆಯೋಕೆ ಶುರು ಮಾಡ್ತವೆ. ವಾರ ಹತ್ತು ದಿನ ಕಳೆಯೋಷ್ಟರಲ್ಲಿ ಒಂದೊಂದೇ ಸಾಯ್ತವೆ. ಮಕ್ಕಳು ಅಳ್ತಾರೆ, ಮನೆಯವರು ‘ಅಂಗಡಿಯವನು ರೋಗದ ಮೀನು ಕೊಟ್ಟ’ ಅಂತಾರೆ, ಅಂಗಡಿಯವರು ‘ಇವರಿಗೆ ಸಾಕೋಕೆ ಬರಲ್ಲ’ ಅಂತಾರೆ.

ಬಹಳಷ್ಟು ಸಲ ತಪ್ಪು ಮೀನಿನದ್ದೂ ಅಲ್ಲ, ರೋಗದ್ದೂ ಅಲ್ಲ. ಟ್ಯಾಂಕ್ ಇನ್ನೂ ತಯಾರಾಗಿರೋದಿಲ್ಲ, ಅಷ್ಟೆ. ಗಾಜು, ಕಲ್ಲು, ನೀರು, ಲೈಟು ಎಲ್ಲ ಒಂದೇ ದಿನದಲ್ಲಿ ಸಿಗುತ್ತೆ. ಮೀನಿನ ಹೊಲಸನ್ನ ಕರಗಿಸೋ ಬ್ಯಾಕ್ಟೀರಿಯಾ ಮಾತ್ರ ಒಂದೇ ದಿನದಲ್ಲಿ ಬರಲ್ಲ. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಈ ಸಮಯವನ್ನ ಕಡಿಮೆ ಮಾಡೋ ದಾರಿಯೂ ಇದೆ. ಮನೆಯವರಿಗೂ ಅಂಗಡಿಯವರಿಗೂ ಬೇಕಾದ ಮಾಹಿತಿ ಇಲ್ಲಿದೆ.

ಮೀನು ಸಾಯೋದು ಯಾಕೆ?

ಮೀನಿನ ಕಿವಿರಿನಿಂದ ಸದಾ ಅಮೋನಿಯಾ ಹೊರಗೆ ಬರ್ತಾ ಇರುತ್ತೆ. ತಿನ್ನದೆ ಉಳಿದ ಆಹಾರ, ಹಿಕ್ಕೆ, ಕೊಳೆತ ಎಲೆ ಇವುಗಳಿಂದಲೂ ಬರುತ್ತೆ. ಕೆರೆಯಲ್ಲಿ ನೀರು ಜಾಸ್ತಿ, ಹಾಗಾಗಿ ಅದು ತಟ್ಟೋದಿಲ್ಲ. ಐವತ್ತು ಲೀಟರ್ ಗಾಜಿನ ಪೆಟ್ಟಿಗೆಯಲ್ಲಿ ಕೆಲವೇ ದಿನದಲ್ಲಿ ವಿಷದ ಮಟ್ಟಕ್ಕೆ ಏರುತ್ತೆ. ಈ ಅಮೋನಿಯಾ ಕಣ್ಣಿಗೆ ಕಾಣಲ್ಲ. ನೀರು ಕನ್ನಡಿ ಥರ ತಿಳಿಯಾಗಿದ್ದರೂ ಮೀನಿನ ಕಿವಿರು ಸುಡ್ತಾ ಇರಬಹುದು.

ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನ ನೈಟ್ರೈಟ್ ಆಗಿ ಮಾಡ್ತವೆ. ನೈಟ್ರೈಟೂ ವಿಷವೇ. ಅದು ರಕ್ತಕ್ಕೆ ಸೇರಿ ರಕ್ತ ಕಂದು ಬಣ್ಣಕ್ಕೆ ತಿರುಗುತ್ತೆ, ಆಮ್ಲಜನಕ ಹೊರೋ ಶಕ್ತಿ ಕಳ್ಕೊಳ್ಳುತ್ತೆ. ಏರ್ ಪಂಪ್ ಜೋರಾಗಿ ಗುಳ್ಳೆ ಬಿಡ್ತಿದ್ದರೂ ಮೀನು ಉಸಿರಿಗೆ ಒದ್ದಾಡೋದು ಇದರಿಂದಲೇ. ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ಈ ನೈಟ್ರೈಟನ್ನ ನೈಟ್ರೇಟ್ ಆಗಿ ಮಾಡ್ತವೆ. ನೈಟ್ರೇಟ್ ಅಷ್ಟು ಅಪಾಯ ಅಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಸಾಕು.

ರೈತರಿಗೆ ಇದು ಹೊಸ ವಿಷಯ ಏನಲ್ಲ. ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಅಮೋನಿಯಾ ಆಗಿ, ಕೊನೆಗೆ ಬೆಳೆ ಹೀರೋ ನೈಟ್ರೇಟ್ ಆಗೋದೂ ಇದೇ ಜಾತಿಯ ಬ್ಯಾಕ್ಟೀರಿಯಾಗಳಿಂದ. ಮಣ್ಣಿನಲ್ಲಿ ಈ ಕೆಲಸ ಮಾಡೋ ಜೀವಿಗಳನ್ನ ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದರು. ಅಕ್ವೇರಿಯಂನಲ್ಲಿ ಎರಡನೇ ಹಂತದ ಕೆಲಸ ನೈಟ್ರೋಬ್ಯಾಕ್ಟರ್ ಮಾಡುತ್ತೆ ಅಂತ ಬಹಳ ಕಾಲ ನಂಬಿದ್ದರು. ಸಿಹಿನೀರಿನ ಟ್ಯಾಂಕ್‌ಗಳಲ್ಲಿ ಅದನ್ನ ಮಾಡೋದು ಮುಖ್ಯವಾಗಿ ನೈಟ್ರೋಸ್ಪೈರಾ ಅನ್ನೋದು 1998ರಲ್ಲಿ ಗೊತ್ತಾಯ್ತು. ನೈಟ್ರೋಸ್ಪೈರಾದಲ್ಲೇ ಕೆಲವು ಜಾತಿಗಳು ಎರಡೂ ಹಂತದ ಕೆಲಸವನ್ನ ಒಂದೇ ಮಾಡ್ತವೆ ಅನ್ನೋದು 2015ರಲ್ಲಿ ಬೆಳಕಿಗೆ ಬಂತು.

ಇವು ಎಲ್ಲಿ ವಾಸ ಮಾಡ್ತವೆ?

ನೀರಿನಲ್ಲಿ ತೇಲೋದು ತೀರಾ ಕಡಿಮೆ. ಫಿಲ್ಟರ್ ಸ್ಪಂಜು, ಕಲ್ಲು, ಗಾಜು, ಗಿಡದ ಎಲೆ ಹೀಗೆ ಗಟ್ಟಿ ವಸ್ತುವಿನ ಮೇಲೆ ಲೋಳೆ ಪದರದ ಹಾಗೆ ಅಂಟಿಕೊಂಡಿರ್ತವೆ. ನೀರು ಸದಾ ಹರಿಯೋ ಜಾಗ ಅಂದ್ರೆ ಇವಕ್ಕೆ ಇಷ್ಟ. ಆದ್ದರಿಂದ ಫಿಲ್ಟರ್ ಅಂದ್ರೆ ಕಸ ಹಿಡಿಯೋ ಜರಡಿ ಮಾತ್ರ ಅಲ್ಲ, ಈ ಬ್ಯಾಕ್ಟೀರಿಯಾಗಳ ಮನೆ. ಫಿಲ್ಟರ್ ಇಲ್ಲದ ಗುಂಡು ಗಾಜಿನ ಬೌಲ್‌ನಲ್ಲಿ ಗೋಲ್ಡ್ ಫಿಶ್ ಬಾಳದೇ ಇರೋದಕ್ಕೆ ಒಂದು ಮುಖ್ಯ ಕಾರಣ ಇದೇ.

ಇವಕ್ಕೆ ಬೇಕಾಗಿರೋದು ನಾಲ್ಕು: ಊಟಕ್ಕೆ ಅಮೋನಿಯಾ, ಉಸಿರಿಗೆ ಆಮ್ಲಜನಕ, 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ, ಮತ್ತು ನೀರಿನಲ್ಲಿ ಸ್ವಲ್ಪ ಸುಣ್ಣದಂಶ. ಪಿಎಚ್ 6ಕ್ಕೆ ಇಳಿದರೆ ಇವುಗಳ ಕೆಲಸ ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ನಮ್ಮ ತುಮಕೂರು ಜಿಲ್ಲೆಯ ಹವೆಯಲ್ಲಿ ವರ್ಷದ ಹೆಚ್ಚಿನ ಕಾಲ ಹೀಟರ್ ಬೇಕಿಲ್ಲ. ಡಿಸೆಂಬರ್, ಜನವರಿ ಚಳಿಯಲ್ಲಿ ಶುರು ಮಾಡಿದರೆ ಮಾತ್ರ ಇನ್ನೂ ಒಂದೆರಡು ವಾರ ಜಾಸ್ತಿ ಹಿಡಿಯಬಹುದು.

ಹಾಲಿಗೆ ಹೆಪ್ಪು ಹಾಕಿದರೆ ರಾತ್ರಿ ಬೆಳಗಾಗೋದರೊಳಗೆ ಮೊಸರಾಗುತ್ತೆ. ಇಲ್ಲಿ ಹಾಗಾಗಲ್ಲ. ಮೊಸರಿನ ಬ್ಯಾಕ್ಟೀರಿಯಾ ಗಂಟೆಯೊಳಗೇ ಎರಡರಷ್ಟಾಗಬಲ್ಲವು. ಅಮೋನಿಯಾ ತಿನ್ನೋ ಇವು ದ್ವಿಗುಣ ಆಗೋಕೆ ಅರ್ಧ ದಿನದಿಂದ ಒಂದು ದಿನ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ತಗೊಳ್ತವೆ. ವಾರಗಟ್ಟಲೆ ಕಾಯೋದು ಇದಕ್ಕೇ.

ಮೊದಲು ನೀರು ನೋಡ್ಕೊಳ್ಳಿ

*ನಲ್ಲಿ ನೀರು:* ಸರಬರಾಜು ನೀರಿಗೆ ಕ್ಲೋರಿನ್ ಹಾಕಿರ್ತಾರೆ. ಕುಡಿಯೋ ನೀರಿನ ಮಾನದಂಡದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ನಮಗೆ ಅದು ರಕ್ಷಣೆ, ಮೀನಿಗೂ ಬ್ಯಾಕ್ಟೀರಿಯಾಕ್ಕೂ ಕುತ್ತು. ತುಮಕೂರು ನಗರದ ಕಡೆ ಬುಗುಡನಹಳ್ಳಿ ಕೆರೆಯಿಂದ ಬರೋ ಹೇಮಾವತಿ ನೀರು ಬಳಸೋರು ಬಾಯಗಲದ ಬಕೆಟ್ಟಿನಲ್ಲಿ 24 ಗಂಟೆ ತೆರೆದಿಟ್ಟು, ಸಾಧ್ಯ ಆದರೆ ಗಾಳಿ ಗುಳ್ಳೆ ಬಿಟ್ಟು, ಆಮೇಲೆ ಹಾಕಿ. ಅರ್ಜೆಂಟ್ ಇದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗೋ ಆ್ಯಂಟಿ ಕ್ಲೋರಿನ್ ಹನಿಯನ್ನ ಬಾಟಲಿ ಮೇಲೆ ಬರೆದಷ್ಟೇ ಹಾಕಿ. ಬ್ಲೀಚಿಂಗ್ ಪೌಡರ್ ವಾಸನೆ ಹೊಡೆಯೋ ದಿನ, ಸಂಪು ತೊಳೆದ ದಿನ ಆ ನೀರು ಮುಟ್ಟಬೇಡಿ.

*ಬೋರ್‌ವೆಲ್ ನೀರು:* ಕ್ಲೋರಿನ್ ಇರಲ್ಲ, ಆದರೆ ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ. ಒಂದು ದಿನ ಗಾಳಿಯಾಡಿಸಿ. ಪಾವಗಡ, ಮಧುಗಿರಿ, ಶಿರಾ ಕಡೆಯ ಗಡಸು ನೀರಿನಲ್ಲಿ ಸುಣ್ಣದಂಶ ಧಾರಾಳವಾಗಿರುತ್ತೆ. ಬ್ಯಾಕ್ಟೀರಿಯಾಕ್ಕೆ ಅದು ಒಳ್ಳೇದೇ. ಆದರೆ ಇಂಥ ನೀರಿನ ಪಿಎಚ್ ಹೆಚ್ಚಿದ್ದರೆ ಅಮೋನಿಯಾ ಜಾಸ್ತಿ ವಿಷ ಆಗುತ್ತೆ. ಪಿಎಚ್ 7ರಿಂದ 8ಕ್ಕೆ ಹೋದರೆ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಸುಮಾರು 10 ಪಟ್ಟು ಏರುತ್ತೆ. ಹಾಗಾಗಿ ಬೋರ್ ನೀರಿನ ಮನೆಯವರು ಟ್ಯಾಂಕ್ ತಯಾರಾಗೋವರೆಗೆ ಕಾಯೋದು ಇನ್ನೂ ಮುಖ್ಯ.

*ಆರ್‌ಓ ನೀರು:* ಬರೀ ಶುದ್ಧ ನೀರಿನ ಘಟಕದ ನೀರು ತುಂಬಬೇಡಿ. ಅದರಲ್ಲಿ ಲವಣ ತೆಗೆದಿರ್ತಾರೆ. ಬ್ಯಾಕ್ಟೀರಿಯಾ ಕೆಲಸ ಮಾಡ್ತಾ ಇದ್ದ ಸುಣ್ಣದಂಶವೂ ಖಾಲಿಯಾಗಿ ಪಿಎಚ್ ದಿಢೀರ್ ಕುಸಿಯುತ್ತೆ. ಬೋರ್ ನೀರು ತೀರಾ ಗಡಸಾಗಿದ್ದರೆ ಅರ್ಧಕ್ಕರ್ಧ ಬೆರೆಸಿ.

ಮೀನಿಲ್ಲದೆ ಟ್ಯಾಂಕ್ ತಯಾರು ಮಾಡೋದು

ನಮ್ಮಲ್ಲಿ ಜಾಸ್ತಿ ಹೋಗೋದು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್. ಲೆಕ್ಕಕ್ಕೆ 56 ಲೀಟರ್. ಕಲ್ಲು ಹಾಕಿ, ಮೇಲೆ ಜಾಗ ಬಿಟ್ಟರೆ ನೀರು 45ರಿಂದ 50 ಲೀಟರ್. ಇದನ್ನೇ ಉದಾಹರಣೆ ಇಟ್ಕೊಳ್ಳೋಣ.

ಟ್ಯಾಂಕ್ ತುಂಬಿ, ಫಿಲ್ಟರ್, ಏರ್ ಪಂಪ್ ಹಾಕಿ. ಅವು ಹಗಲೂ ರಾತ್ರಿ ಓಡಬೇಕು. ಈಗ ಬ್ಯಾಕ್ಟೀರಿಯಾಕ್ಕೆ ಊಟ ಬೇಕು. ಎರಡು ದಾರಿ ಇದೆ.

ಸುಲಭದ ದಾರಿ: ದಿನಾ ಒಂದು ಚಿಟಿಕೆ ಮೀನಿನ ಆಹಾರ ಖಾಲಿ ಟ್ಯಾಂಕಿಗೇ ಹಾಕೋದು. ಅದು ಕೊಳೆತು ಅಮೋನಿಯಾ ಬಿಡುತ್ತೆ. ಸ್ವಲ್ಪ ಗಲೀಜು, ಅಳತೆ ಸಿಗಲ್ಲ, ಆದರೆ ಕೆಲಸ ಆಗುತ್ತೆ.

ಅಳತೆಯ ದಾರಿ: ಅಮೋನಿಯಂ ಕ್ಲೋರೈಡ್. ಕಲಾಯಿ ಹಾಕೋರು ಬಳಸೋ ನವಸಾಗರ ಅಂದ್ರೆ ಇದೇ. ಆದರೆ ಕಲಾಯಿಗೆ ಮಾರೋ ನವಸಾಗರದಲ್ಲಿ ಬೇರೆ ಏನಾದರೂ ಬೆರೆತಿರಬಹುದು. ಲ್ಯಾಬ್ ಕೆಮಿಕಲ್ ಮಾರೋ ಅಂಗಡಿಯ ಶುದ್ಧ ಪುಡಿಯನ್ನೇ ತನ್ನಿ. 10 ಗ್ರಾಂ ಪುಡಿಯನ್ನ 1 ಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಟ್ಟುಕೊಳ್ಳಿ. 50 ಲೀಟರ್ ಟ್ಯಾಂಕಿಗೆ ಇದರಲ್ಲಿ 30 ಮಿಲಿ ಹಾಕಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ ಆಗುತ್ತೆ. ಅಷ್ಟು ಸಾಕು. ಬಾಟಲಿ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಬ್ಲೀಚಿಂಗ್ ಪೌಡರ್ ಜೊತೆ ಯಾವ ಕಾರಣಕ್ಕೂ ಸೇರಿಸಬೇಡಿ, ವಿಷದ ಅನಿಲ ಬರುತ್ತೆ. ಮನೆಯಲ್ಲಿ ಇದೆ ಅಂತ ಯೂರಿಯಾನೂ ಹಾಕಬೇಡಿ. ಅದು ಯಾವಾಗ, ಎಷ್ಟು ಅಮೋನಿಯಾ ಆಗುತ್ತೆ ಅನ್ನೋದು ಟೆಸ್ಟ್ ಕಿಟ್‌ನಲ್ಲಿ ಮುಂಚೆ ಗೊತ್ತಾಗಲ್ಲ.

ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರನ್ನೂ ಅಳೆಯೋ ಹನಿ ಟೆಸ್ಟ್ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತೆ. ನಾಲ್ಕು ಮನೆಯವರು ಸೇರಿ ಒಂದು ತಗೊಂಡ್ರೂ ಸಾಕು. ಕಾಣೋ ಬದಲಾವಣೆ ಹೀಗಿರುತ್ತೆ:

• ಮೊದಲ ವಾರ: ಅಮೋನಿಯಾ ಹಾಗೇ ಇರುತ್ತೆ. ನೀರು ಹಾಲು ಬೆರೆಸಿದ ಹಾಗೆ ಮಬ್ಬಾಗಬಹುದು. ಇದು ಬೇರೆ ಜಾತಿಯ ಬ್ಯಾಕ್ಟೀರಿಯಾ ಏಕಾಏಕಿ ಹೆಚ್ಚಿದ್ದು. ನೀರು ಚೆಲ್ಲಬೇಡಿ, ತಾನೇ ತಿಳಿಯಾಗುತ್ತೆ.

• ಎರಡು, ಮೂರನೇ ವಾರ: ಅಮೋನಿಯಾ ಇಳಿಯೋಕೆ ಶುರು, ನೈಟ್ರೈಟ್ ಏರುತ್ತೆ. ಅಮೋನಿಯಾ ಸೊನ್ನೆಗೆ ಬಂದಾಗಲೆಲ್ಲ ಅರ್ಧ ಅಳತೆ, ಅಂದ್ರೆ 15 ಮಿಲಿ ಹಾಕಿ. ನೈಟ್ರೈಟ್ 5 ಮಿಲಿಗ್ರಾಂ ದಾಟಿದರೆ ಅರ್ಧ ನೀರು ಬದಲಾಯಿಸಿ.

• ನಾಲ್ಕರಿಂದ ಆರನೇ ವಾರ: ನೈಟ್ರೈಟೂ ಇಳಿಯುತ್ತೆ, ನೈಟ್ರೇಟ್ ಏರುತ್ತೆ.

ತಯಾರಾಯ್ತಾ ಅಂತ ನೋಡೋ ಪರೀಕ್ಷೆ ಒಂದೇ. ಪೂರ್ತಿ 30 ಮಿಲಿ ಹಾಕಿ. 24 ಗಂಟೆ ಬಿಟ್ಟು ನೋಡಿದಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರಬೇಕು. ಬಂದರೆ ಅರ್ಧಕ್ಕಿಂತ ಹೆಚ್ಚು ನೀರು ಬದಲಾಯಿಸಿ, ಮಾರನೇ ದಿನ ಮೀನು ತನ್ನಿ. ಒಂದು ವಾರಕ್ಕಿಂತ ತಡ ಮಾಡಬೇಡಿ, ಊಟ ಇಲ್ಲದೆ ಬ್ಯಾಕ್ಟೀರಿಯಾ ಸೊರಗ್ತವೆ. ಒಂದು ಚಿಟಿಕೆ ಆಹಾರ ಹಾಕೋ ದಾರಿ ಹಿಡಿದಿದ್ದರೆ, ದಿನಾ ಆಹಾರ ಹಾಕ್ತಾ ಇದ್ದರೂ ಎರಡೂ ಸೊನ್ನೆಯಲ್ಲೇ ಒಂದು ವಾರ ನಿಂತರೆ ನಾಲ್ಕೈದು ಸಣ್ಣ ಮೀನಿನಿಂದ ಶುರು ಮಾಡಬಹುದು.

ಬೇಗ ಆಗ್ಬೇಕಾ? ಹೆಪ್ಪು ಹಾಕಿ

ಆರು ತಿಂಗಳು, ವರ್ಷದಿಂದ ಚೆನ್ನಾಗಿ ನಡೀತಿರೋ ಟ್ಯಾಂಕ್ ಇರೋರು ನಿಮ್ಮ ಪರಿಚಯದಲ್ಲಿ ಇದ್ದರೆ ಅವರ ಫಿಲ್ಟರ್‌ನ ಹಳೇ ಸ್ಪಂಜಿನ ಒಂದು ತುಂಡು ಕೇಳಿ. ಅದೇ ಹೆಪ್ಪು. ಹೊಸ ಫಿಲ್ಟರ್ ಒಳಗೆ ಅದನ್ನ ಸೇರಿಸಿದರೆ ಒಂದೆರಡು ವಾರದಲ್ಲೇ ಟ್ಯಾಂಕ್ ತಯಾರಾಗಬಹುದು. ತರೋವಾಗ ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ, ನೆರಳಲ್ಲಿ, ಒಂದೆರಡು ಗಂಟೆಯೊಳಗೆ ತನ್ನಿ. ಒಣಗಿದರೆ ಕೆಲಸಕ್ಕೆ ಬರಲ್ಲ. ಹಳೇ ಟ್ಯಾಂಕಿನ ನೀರು ಮಾತ್ರ ತಂದು ಸುರಿದರೆ ಪ್ರಯೋಜನ ಕಡಿಮೆ, ಯಾಕಂದ್ರೆ ಬ್ಯಾಕ್ಟೀರಿಯಾ ಇರೋದು ಸ್ಪಂಜಿನಲ್ಲಿ. ಒಂದು ಎಚ್ಚರ: ಆ ಟ್ಯಾಂಕಿನ ಮೀನಿಗೆ ಇತ್ತೀಚೆಗೆ ಬಿಳಿ ಚುಕ್ಕೆ ರೋಗ ಗೀಗ ಬಂದಿದ್ದರೆ ತರಬೇಡಿ, ರೋಗವೂ ಜೊತೆಗೆ ಬರುತ್ತೆ.

ಬಾಟಲಿಯಲ್ಲಿ ಮಾರೋ ಬ್ಯಾಕ್ಟೀರಿಯಾ ಹೇಗೆ? ಕೆಲವು ಸಹಾಯ ಮಾಡ್ತವೆ. ಆದರೆ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಬೀಜದ ಹಾಗೆ ಒಣಗಿ ಮಲಗೋ ಜಾತಿ ಅಲ್ಲ. ಬೇಸಿಗೆಯಲ್ಲಿ ಬಿಸಿ ಗೋಡೌನ್, ಬಿಸಿ ಲಾರಿಯಲ್ಲಿ ಬಂದ ಬಾಟಲಿಯಲ್ಲಿ ಅವು ಬದುಕಿರೋದು ಅನುಮಾನ. ಲೇಬಲ್ ಮೇಲೆ ನೈಟ್ರೊಸೊಮೊನಾಸ್, ನೈಟ್ರೋಸ್ಪೈರಾ ಹೆಸರಿದೆಯಾ, ತಾರೀಖು ಮುಗಿದಿಲ್ವಾ ನೋಡಿ. ಬರೀ ಬ್ಯಾಸಿಲಸ್ ಅಂತ ಇದ್ದರೆ ಅದು ಕಸ ಕೊಳೆಸೋ ಬ್ಯಾಕ್ಟೀರಿಯಾ. ಯಾವ ಬಾಟಲಿ ಹಾಕಿದ್ರೂ ಟೆಸ್ಟ್ ಮಾಡದೆ ಮೀನು ಬಿಡಬೇಡಿ.

ಈಗಾಗ್ಲೇ ಮೀನು ಬಿಟ್ಟಾಗಿದ್ರೆ?

ಗಾಬರಿ ಬೇಡ. ಆಹಾರ ದಿನ ಬಿಟ್ಟು ದಿನ, ಅದೂ ಒಂದೆರಡು ನಿಮಿಷದಲ್ಲಿ ತಿಂದು ಮುಗಿಸೋಷ್ಟು ಮಾತ್ರ ಹಾಕಿ. ಆರೋಗ್ಯವಾಗಿರೋ ದೊಡ್ಡ ಮೀನು ಎರಡು ಮೂರು ದಿನ ಊಟ ಇಲ್ಲದಿದ್ದರೆ ಸಾಯಲ್ಲ, ಅಮೋನಿಯಾ ಇದ್ದರೆ ಸಾಯುತ್ತೆ. ಅಮೋನಿಯಾ ಅಥವಾ ನೈಟ್ರೈಟ್ 0.5 ಮಿಲಿಗ್ರಾಂ ದಾಟಿದರೆ ಅವತ್ತೇ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಾಯಿಸಿ. ಕಿಟ್ ಇಲ್ಲದಿದ್ದರೆ ಮೊದಲ ತಿಂಗಳು ದಿನ ಬಿಟ್ಟು ದಿನ ಕಾಲು ಭಾಗ ಬದಲಾಯಿಸಿ. ಹಾಕೋ ನೀರು ಕ್ಲೋರಿನ್ ಹೋಗಿರೋದಾಗಿರಲಿ, ಟ್ಯಾಂಕಿನ ನೀರಿನಷ್ಟೇ ಬಿಸಿ ಇರಲಿ.

ನೈಟ್ರೈಟ್ ಏರಿರೋ ದಿನಗಳಲ್ಲಿ 50 ಲೀಟರಿಗೆ 5 ಗ್ರಾಂ, ಅಂದ್ರೆ ಸುಮಾರು ಒಂದು ಟೀ ಚಮಚ ಕಲ್ಲುಪ್ಪನ್ನ ಕರಗಿಸಿ ಒಂದು ಸಲ ಹಾಕಿ. ಉಪ್ಪಿನಲ್ಲಿರೋ ಕ್ಲೋರೈಡ್ ನೈಟ್ರೈಟ್ ಕಿವಿರಿನ ಮೂಲಕ ರಕ್ತ ಸೇರೋದನ್ನ ತಡೆಯುತ್ತೆ. ಆಮೇಲೆ ಬದಲಾಯಿಸಿದ ನೀರಿಗೆ ತಕ್ಕಷ್ಟೇ ಉಪ್ಪು ಸೇರಿಸಿ, ಪ್ರತಿ ಸಲ ಪೂರ್ತಿ ಚಮಚ ಬೇಡ. ಹೊಸ ಮೀನು ಈ ಸಮಯದಲ್ಲಿ ತರಲೇಬೇಡಿ. ಸತ್ತ ಮೀನಿನ ಜಾಗಕ್ಕೆ ಅಂತ ತಂದದ್ದೂ ಸಾಯುತ್ತೆ.

ಮೀನು ಸುಸ್ತಾಗಿದೆ ಅಂತ ನೀಲಿ ಔಷಧಿ ಹಾಕೋದು ಇನ್ನೊಂದು ರೂಢಿ. ಅದು ಮಿಥಿಲೀನ್ ಬ್ಲೂ. ಫಿಲ್ಟರ್ ಇರೋ ಟ್ಯಾಂಕಿಗೆ ಹಾಕಿದರೆ ಕಷ್ಟಪಟ್ಟು ಬೆಳೆಸಿದ ಬ್ಯಾಕ್ಟೀರಿಯಾಕ್ಕೇ ಏಟು ಬೀಳುತ್ತೆ. ಆ್ಯಂಟಿಬಯಾಟಿಕ್ ಪುಡಿಗಳಲ್ಲೂ ಹಲವು ಹೀಗೇ. ಔಷಧಿ ಕೊಡಲೇಬೇಕಾದರೆ ಮೀನನ್ನ ಬೇರೆ ಟಬ್‌ಗೆ ಹಾಕಿ ಕೊಡಿ.

ಪೂರ್ತಿ ತೊಳೆಯೋದೇ ದೊಡ್ಡ ತಪ್ಪು

ಭಾನುವಾರ ಬಂತು ಅಂದ್ರೆ ಮೀನನ್ನ ಬಕೆಟ್ಟಿಗೆ ಹಾಕಿ, ನೀರೆಲ್ಲ ಚೆಲ್ಲಿ, ಕಲ್ಲು, ಸ್ಪಂಜು ಎಲ್ಲ ನಲ್ಲಿ ಕೆಳಗೆ ಉಜ್ಜಿ, ಬಿಸಿಲಿಗಿಟ್ಟು ಮತ್ತೆ ಜೋಡಿಸೋರು ಬಹಳ ಮಂದಿ. ನೋಡೋಕೆ ಥಳಥಳ ಹೊಳೆಯುತ್ತೆ. ಆದರೆ ಆ ಟ್ಯಾಂಕ್ ಪ್ರತಿ ಭಾನುವಾರ ಮೊದಲನೇ ದಿನಕ್ಕೆ ವಾಪಸ್ ಹೋಗುತ್ತೆ. ಮೀನು ಬುಧವಾರ, ಗುರುವಾರ ಸಾಯೋದರ ಗುಟ್ಟು ಇದು.

ವಾರಕ್ಕೆ ಕಾಲು ಭಾಗ ನೀರು ತೆಗೆದು ಹೊಸದು ಹಾಕಿ, ಸಾಕು. ತೆಗೆದ ನೀರನ್ನ ಚೆಲ್ಲಬೇಡಿ. ಉಪ್ಪು ಹಾಕಿಲ್ಲದಿದ್ದರೆ ತುಳಸಿಗೋ ತೆಂಗಿನ ಬುಡಕ್ಕೋ ಹಾಕಿ, ನೈಟ್ರೇಟ್ ಗಿಡಕ್ಕೆ ಗೊಬ್ಬರ. ಸ್ಪಂಜು ಕಟ್ಟಿಕೊಂಡು ನೀರು ನಿಧಾನ ಆದಾಗ ಮಾತ್ರ, ತೆಗೆದ ಅದೇ ಟ್ಯಾಂಕ್ ನೀರಿನ ಬಕೆಟ್ಟಿನಲ್ಲಿ ಎರಡು ಮೂರು ಸಲ ಹಿಂಡಿ ವಾಪಸ್ ಇಡಿ. ಸ್ಪಂಜು ಕಂದು ಬಣ್ಣ ಇರೋದು ಗಲೀಜಲ್ಲ. ಸೋಪು ಬೇಡವೇ ಬೇಡ.

ಅಂಗಡಿಯಲ್ಲಿ ಟ್ಯಾಂಕ್ ಇಟ್ಟಿರೋರಿಗೆ

ಬೇಕರಿ, ಸಲೂನ್, ಮೊಬೈಲ್ ಅಂಗಡಿ, ಕ್ಲಿನಿಕ್ ಅಂತ ಎಷ್ಟೋ ಕಡೆ ಟ್ಯಾಂಕ್ ಇರುತ್ತೆ. ರಾತ್ರಿ ಶಟರ್ ಎಳೆಯೋವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗ್ತಾರೆ. ಫಿಲ್ಟರ್ ಹತ್ತು ಹನ್ನೆರಡು ಗಂಟೆ ನಿಲ್ಲುತ್ತೆ. ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಆದರೆ ಒಳಗೆ ಕೆಲವೇ ಗಂಟೆಯಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯೋಕೆ ಶುರು. ಬೆಳಿಗ್ಗೆ ಸ್ವಿಚ್ ಹಾಕಿದ ತಕ್ಷಣ ಆ ಕೊಳೆತ ನೀರೆಲ್ಲ ಟ್ಯಾಂಕಿಗೆ ಬರುತ್ತೆ. ಇಂಥ ಟ್ಯಾಂಕ್ ವರ್ಷ ಕಳೆದರೂ ತಯಾರಾಗಲ್ಲ.

ಕರೆಂಟ್ ಬಿಲ್ ಭಯ ಇದ್ದರೆ ಲೆಕ್ಕ ನೋಡಿ: 5 ವ್ಯಾಟ್‌ನ ಏರ್ ಪಂಪ್ 30 ದಿನ ಹಗಲೂ ರಾತ್ರಿ ಓಡಿದರೂ 3.6 ಯೂನಿಟ್. ಎಲೆಕ್ಟ್ರಿಷಿಯನ್‌ಗೆ ಹೇಳಿ ಪಂಪಿಗೆ ಮಾತ್ರ ಬೇರೆ ಲೈನ್, ಬೇರೆ ಎಂಸಿಬಿ ಹಾಕಿಸಿ. ಆಗದಿದ್ದರೆ ಬ್ಯಾಟರಿ ಏರ್ ಪಂಪಿನಲ್ಲಿ ಸ್ಪಂಜ್ ಫಿಲ್ಟರ್ ಓಡಿಸಿ. ರಾತ್ರಿ ಲೈಟು ಬೇಕಿಲ್ಲ, ಗಾಳಿ ಬೇಕು. ಪಂಪನ್ನ ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ವಾಪಸ್ ಬರುತ್ತೆ. ಉದ್ದ ಪವರ್ ಕಟ್ ಆದ ಮೇಲೆ ಡಬ್ಬಿ ಫಿಲ್ಟರಿನ ಒಳಗಿನ ನೀರು ಚೆಲ್ಲಿ, ಸ್ಪಂಜನ್ನ ಟ್ಯಾಂಕ್ ನೀರಿನಲ್ಲಿ ಜಾಲಿಸಿ ಆಮೇಲೆ ಆನ್ ಮಾಡಿ. ಈ ನಿಯಮ ಮನೆಯವರಿಗೂ ಅಷ್ಟೇ.

ಮೀನು ಮಾರೋ ಅಂಗಡಿಯವರಿಗೆ

ಇವತ್ತು ಟ್ಯಾಂಕ್ ಮಾರಿ, ತಿಂಗಳು ಬಿಟ್ಟು ಮೀನು ಮಾರಿದರೆ ನಷ್ಟ ಅನ್ನಿಸಬಹುದು. ಆದರೆ ಹತ್ತು ದಿನದಲ್ಲಿ ಮೀನೆಲ್ಲ ಸತ್ತ ಗಿರಾಕಿ ಟ್ಯಾಂಕನ್ನ ಅಟ್ಟಕ್ಕೆ ಹಾಕ್ತಾನೆ, ಮತ್ತೆ ಬರಲ್ಲ. ಮೀನು ಬದುಕಿದ ಮನೆಯವರು ಆಹಾರಕ್ಕೆ, ಗಿಡಕ್ಕೆ, ಇನ್ನೊಂದು ಜೊತೆ ಮೀನಿಗೆ ಅಂತ ವರ್ಷಗಟ್ಟಲೆ ಬರ್ತಾರೆ. ನಿಮ್ಮ ಆರೋಗ್ಯವಾದ ಟ್ಯಾಂಕ್‌ಗಳಲ್ಲಿ ಎರಡು ಮೂರು ಸ್ಪಂಜ್ ಫಿಲ್ಟರ್ ಸದಾ ಜಾಸ್ತಿ ಓಡಿಸಿ ಇಟ್ಕೊಳ್ಳಿ. ಹೊಸ ಟ್ಯಾಂಕ್ ಕೊಂಡವರಿಗೆ ಅದನ್ನ ಟ್ಯಾಂಕಿನ ನೀರಿನ ಕವರ್‌ನಲ್ಲಿ ಹಾಕಿ ಕೊಡಿ, ಬೇಕಿದ್ದರೆ ಅದಕ್ಕೂ ದುಡ್ಡು ತಗೊಳ್ಳಿ. ಮೊದಲ ಸಲ ನಾಲ್ಕೈದು ಗಪ್ಪಿ, ಮೊಲ್ಲಿ ಅಥವಾ ಜೀಬ್ರಾ ಮೀನು ಕೊಟ್ಟು, ಗೋಲ್ಡ್ ಫಿಶ್ ಆಮೇಲೆ ದೊಡ್ಡ ಟ್ಯಾಂಕಿಗೆ ಅನ್ನಿ. ಗೋಲ್ಡ್ ಫಿಶ್ ತಿನ್ನೋದೂ ಜಾಸ್ತಿ, ಹೊಲಸು ಮಾಡೋದೂ ಜಾಸ್ತಿ.

ಚೀಟಿ ಬರೆದು ಟ್ಯಾಂಕಿಗೆ ಅಂಟಿಸಿಕೊಳ್ಳಿ

• ಫಿಲ್ಟರ್ 24 ಗಂಟೆಯೂ ಓಡಲಿ.
• ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 40 ಮಿಲಿಗ್ರಾಂ ಒಳಗೆ.
• ವಾರಕ್ಕೆ ಕಾಲು ಭಾಗ ನೀರು, ಕ್ಲೋರಿನ್ ಹೋದದ್ದು.
• ಸ್ಪಂಜು ಟ್ಯಾಂಕ್ ನೀರಿನಲ್ಲೇ ಹಿಂಡೋದು, ನಲ್ಲಿ ಕೆಳಗೆ ಅಲ್ಲ.
• ಒಂದೇ ಸಲ ಜಾಸ್ತಿ ಮೀನು ಬೇಡ. ನಾಲ್ಕೈದು ಬಿಟ್ಟು, ಎರಡು ವಾರ ನೋಡಿ, ಆಮೇಲೆ ಇನ್ನೊಂದೆರಡು. ಮೀನು ಹೆಚ್ಚಿದ ಹಾಗೆ ಬ್ಯಾಕ್ಟೀರಿಯಾವೂ ಹೆಚ್ಚೋಕೆ ಅಷ್ಟು ಸಮಯ ಬೇಕು.